ಆಗದೇ ಹೋದ ಅನಾಹುತ

ಅವಳಿಗೆ ಗುಂಡಿಯಕ್ಕ ಎಂದು ಹೆಸರು ಬಿದ್ದದ್ದು ಅಂಗಿ ಗುಂಡಿಯಿಂದ. ಯಾರು ಏನು ಹೊಲಿಸಲು ಬಂದರೂ ಸರಿ, ಅವರು ತೊಟ್ಟ ಅಂಗಿಯ ಗುಂಡಿ ಸಡಿಲವಾಗಿದ್ದರೆ ಅವಳಿಗೆ ತಡೆಯಲು ಆಗುತ್ತಿರಲಿಲ್ಲ. "ಅಲ್ಲಾಡ್ಬೇಡಿ" ಎಂದು ಸೂಜಿ ಹಿಡಿದು ಎದುರಿಗೆ ನಿಂತುಬಿಡುತ್ತಿದ್ದಳು. ಮೈಮೇಲಿದ್ದ ಹಾಗೆಯೇ ಗುಂಡಿ ಬಿಗಿ ಮಾಡಿ, ದಾರವನ್ನು ಹಲ್ಲಿನಲ್ಲಿ ಕಡಿದ ಮೇಲೇ ಬಂದ ಕೆಲಸ ಏನೆಂದು ಕೇಳುತ್ತಿದ್ದಳು. ಬ್ಯಾಂಕಿನ ಮ್ಯಾನೇಜರನ್ನೂ ಹೀಗೆ ಕೈಕಟ್ಟಿ ನಿಲ್ಲಿಸಿದ್ದುಂಟು.

ಅಂಗಡಿ ಇದ್ದದ್ದು ಮೀನು ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ. ಕೆಳಗೆ ಬಟ್ಟೆ ಕತ್ತರಿಸುವ ಮೇಜು, ಇಸ್ತ್ರಿ ಮಾಡುವ ಜಾಗ, ಗಿರಾಕಿಗಳಿಗೊಂದು ಬೆಂಚು. ಮರದ ಮೆಟ್ಟಿಲು ಹತ್ತಿದರೆ ಅಟ್ಟದಂಥ ಮಹಡಿ, ಅಲ್ಲಿ ಹೊಲಿಗೆ ಮಿಷನ್ನುಗಳ ಮುಂದೆ ಕೂತ ಹೆಂಗಸರು. ಎದುರಿಗೇ ಐಸ್ ಫ್ಯಾಕ್ಟರಿ. ಬೆಳಗಾದರೆ ಮೀನಿನ ಲಾರಿಗಳು ಅದರ ಬಾಗಿಲಲ್ಲಿ ಸಾಲುಗಟ್ಟುತ್ತಿದ್ದವು. ಅವಳ ತಮ್ಮ ಅದೇ ಫ್ಯಾಕ್ಟರಿಯಲ್ಲಿ ಮಿಷನ್ ಆಪರೇಟರ್. ಗಂಡ ಸಿಟಿ ಬಸ್ಸಿನ ಕಂಡಕ್ಟರ್; ದಿನವಿಡೀ ಕೂಗಿ ಕೂಗಿ ಮನೆಗೆ ಬಂದರೆ ಮಾತು ಮುಗಿದಿರುತ್ತಿತ್ತು. ಅಮ್ಮ ತಮ್ಮನ ಮನೆಯಲ್ಲಿದ್ದಳು, ಆದರೆ ಮಧ್ಯಾಹ್ನದ ನಿದ್ದೆಗೆ ಮಗಳ ಅಂಗಡಿಯ ಬೆಂಚೇ ಆಗಬೇಕು.

ರಾಜಕೀಯದ ಗಾಳಿ ಆ ಮನೆಯ ಕಡೆ ಸುಳಿದದ್ದೇ ಇಲ್ಲ. ಬೇರೆಯೇ ಒಂದು ಗಾಳಿ ಬೀಸಿತು. ಒಂದು ಬೆಳಗ್ಗೆ ಫ್ಯಾಕ್ಟರಿಯಿಂದ ಅಮೋನಿಯಾ ಸೋರಿತು. ನೀರನ್ನು ಹೆಪ್ಪುಗಟ್ಟಿಸಲು ಬೇಕಾದ ತಂಪನ್ನು ಕೊಡುವುದು ಆ ಗ್ಯಾಸೇ. ಪೈಪಿನೊಳಗೆ ಇರುವ ತನಕ ಅದು ಸಾಧು. ಹೊರಗೆ ಬಂದದ್ದು ಸ್ವಲ್ಪವೇ, ಆದರೂ ಇಡೀ ಬೀದಿ ಕಣ್ಣುಮೂಗು ಉಜ್ಜಿಕೊಂಡು ಮನೆಯಿಂದ ಹೊರಗೆ ಓಡಿಬಂತು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಉಸಿರು ಸಿಕ್ಕದೆ ಹೊಸಿಲ ಮೇಲೆ ಕುಸಿದರು. ಅವಳ ತಮ್ಮನೇ ಮುಖಕ್ಕೆ ಒದ್ದೆ ಗೋಣಿ ಸುತ್ತಿಕೊಂಡು ಒಳಗೆ ನುಗ್ಗಿ ವಾಲ್ವು ಮುಚ್ಚಿದ. ಮೇಷ್ಟ್ರು ಬದುಕಿಕೊಂಡರು. ಯಾರೂ ಸಾಯಲಿಲ್ಲ. ಮಧ್ಯಾಹ್ನಕ್ಕೆಲ್ಲ ಲಾರಿಗಳು ಮತ್ತೆ ಬಂದವು.

ಅವತ್ತು ಸಂಜೆ ಬೀದಿಯವರೆಲ್ಲ ಸೇರಿ ಮಾತಾಡಿದರು. ಒಬ್ಬರು ಅರ್ಜಿ ಕೊಡೋಣ ಎಂದರು, ಇನ್ನೊಬ್ಬರು ಕೊಟ್ಟು ಕೊಟ್ಟು ಸಾಕಾಗಿದೆ ಎಂದರು. ಗುಂಡಿಯಕ್ಕ ಹಿಂದೆ ನಿಂತಿದ್ದವಳು, "ಅರ್ಜಿ ತಗೊಳ್ಳೋ ಕಡೆ ನಮ್ಮೋರು ಒಬ್ರು ಕೂತಿರ್ಬೇಕಪ್ಪ" ಎಂದಳು. ಆಡಿದ್ದು ಅಷ್ಟೇ. ಪುರಸಭೆ ಚುನಾವಣೆ ಬಂದಾಗ ಅದೇ ಮಾತನ್ನು ಅವಳ ಕೊರಳಿಗೇ ಕಟ್ಟಿದರು. ಯಾವ ಪಕ್ಷವೂ ಇಲ್ಲದೆ ನಿಂತಳು. ಸಿಕ್ಕ ಚಿಹ್ನೆ ಕತ್ತರಿ. ಎದುರಾಳಿ, "ಗೆದ್ದರೆ ನಿಮ್ಮ ಅನುದಾನಕ್ಕೆಲ್ಲ ಕತ್ತರಿ ಹಾಕ್ತಾಳೆ ನೋಡ್ತಿರಿ" ಎಂದು ಮೈಕಿನಲ್ಲಿ ನಗಾಡಿದ. ಜನ ಅವನಿಗಿಂತ ಜೋರಾಗಿ ನಕ್ಕು ಓಟನ್ನು ಕತ್ತರಿಗೇ ಹಾಕಿದರು.

ಗೆದ್ದ ಮೇಲೆ ಮೊದಲು ಮಾಡಿದ ಕೆಲಸವೆಂದರೆ ತಮ್ಮನನ್ನು ಕರೆದುಕೊಂಡು ಫ್ಯಾಕ್ಟರಿ ನೋಡಲು ಹೋದದ್ದು. ಅಷ್ಟು ವರ್ಷ ಎದುರಿಗೇ ಇದ್ದರೂ ಒಳಗೆ ಕಾಲಿಟ್ಟಿರಲಿಲ್ಲ. ನೆಲವೆಲ್ಲ ಒದ್ದೆ, ಮಿಷನ್ನಿನ ಸದ್ದಿಗೆ ಎದೆಯೊಳಗೆ ನಡುಕ. ತಮ್ಮ ಹೆಮ್ಮೆಯಿಂದ ಒಂದೊಂದನ್ನೂ ತೋರಿಸಿದ. ಗೋಡೆಯುದ್ದಕ್ಕೂ ಹೋದ ಪೈಪುಗಳು ಬಣ್ಣದ ಮೇಲೆ ಬಣ್ಣ ಬಳಿಸಿಕೊಂಡು, ಕಂಬಳಿ ಹೊದ್ದ ಹಾಗೆ ದಪ್ಪಗಾಗಿದ್ದವು. ಎಣ್ಣೆ ಬೆರೆತ ಉಪ್ಪುನೀರು ಹಿಂಬದಿಯ ಕಂಡಿಯಿಂದ ನೇರ ಕಾಲುವೆಗೆ ಹರಿಯುತ್ತಿತ್ತು.

"ಬಣ್ಣದ ಕೆಳಗೆ ಹೇಗಿದೆಯೋ?" ಎಂದು ಕೇಳಿದಳು.

"ತುಕ್ಕು ಇದ್ದೇ ಇರುತ್ತೆ."

"ಪೈಪಿನ ಒಳಗೆ?"

"ಅದನ್ನ ಕುಯ್ದು ನೋಡ್ಬೇಕಕ್ಕ. ಕುಯ್ದ ಮೇಲೆ ಅದು ಪೈಪೇ ಅಲ್ಲ" ಎಂದು ತಮ್ಮ ನಕ್ಕ.

ಅವಳಿಗೆ ನಗು ಬರಲಿಲ್ಲ. ಪುರಸಭೆಯಲ್ಲಿ ಕೇಳಿ ತಿಳಿದುಕೊಂಡಳು. ಮನೆಗಳ ನಡುವೆ ಇರುವ ಇಂಥ ಕಾರ್ಖಾನೆಗಳು ಹಳೆಯ ಪೈಪು ಬದಲಾಯಿಸಬೇಕು, ಗ್ಯಾಸ್ ಸೋರಿದರೆ ಬಡಿದುಕೊಳ್ಳುವ ಗಂಟೆ ಕೂರಿಸಬೇಕು, ಕೊಳಕು ನೀರನ್ನು ಶುದ್ಧ ಮಾಡದೆ ಹೊರಗೆ ಬಿಡಬಾರದು, ಇದೆಲ್ಲ ಆಗದೆ ಲೈಸೆನ್ಸ್ ಕೊಡುವಂತಿಲ್ಲ ಎಂದು ಸರ್ಕಾರದ ಆದೇಶ ಬಂದು ಯಾವುದೋ ಕಾಲವಾಗಿತ್ತು. ಪುರಸಭೆ ಮಾತ್ರ ವರ್ಷ ವರ್ಷವೂ 'ಇನ್ನೊಂದು ವರ್ಷ ಕಾಲಾವಕಾಶ' ಎಂದು ಕೈ ಎತ್ತಿ ಲೈಸೆನ್ಸ್ ಕೊಡುತ್ತ ಬಂದಿತ್ತು. ಅದರಲ್ಲಿ ಗುಟ್ಟೇನೂ ಇರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಯಾರಿಗೂ ಅದು ದೊಡ್ಡ ವಿಷಯವಾಗಿ ಕಂಡಿರಲಿಲ್ಲ.

ಈ ಸಲ ತಾನು ಒಪ್ಪುವುದಿಲ್ಲ ಎಂದು ಅವಳು ಅಲ್ಲಿ ಇಲ್ಲಿ ಹೇಳಿದ್ದು ಸಾಹುಕಾರರ ಕಿವಿಗೆ ಬಿತ್ತು. ಫ್ಯಾಕ್ಟರಿಯ ಮಾಲೀಕರಾದ ಅವರನ್ನು ಊರು ಹಾಗೆಯೇ ಕರೆಯುತ್ತಿತ್ತು. ಕೆಟ್ಟವರೆಂದು ಯಾರೂ ಹೇಳುವಂತಿರಲಿಲ್ಲ. ಸೋರಿಕೆಯ ದಿನ ಮೇಷ್ಟ್ರನ್ನು ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ದವರು. ಒಂದು ಮಧ್ಯಾಹ್ನ ಹಳೆಯ ಕೋಟೊಂದನ್ನು ತೋಳಿನ ಮೇಲೆ ಹಾಕಿಕೊಂಡು ಅಂಗಡಿಗೆ ಬಂದರು.

"ಹೊಟ್ಟೆ ಬಂದಿದೆ ತಾಯಿ, ಸ್ವಲ್ಪ ಸಡಿಲ ಮಾಡಿಕೊಡಿ."

ಅವಳು ಅಳತೆ ತೆಗೆದುಕೊಂಡಳು. ಅವರು ಕತ್ತೆತ್ತಿ ಮಹಡಿಯ ಕಡೆ ನೋಡಿದರು. ಮೇಲೆ ಮಿಷನ್ನುಗಳು ಗರಗರ ಓಡುತ್ತಿದ್ದವು.

"ಮೇಲೆ ಜನ ಇದ್ದಾರೆ, ಕೆಳಗೆ ಇಸ್ತ್ರಿ ಪೆಟ್ಟಿಗೆ, ಸುತ್ತ ಬಟ್ಟೆ ರಾಶಿ. ಬೆಂಕಿ ಹತ್ತಿಕೊಂಡ್ರೆ ಅವರು ಹೇಗೆ ಇಳೀತಾರೆ?"

"ಹಿಂದೆ ಒಂದು ಬಾಗಿಲಿದೆ" ಎಂದಳು.

"ಇದೆ. ಅದಕ್ಕೆ ಅಡ್ಡ ಕಪಾಟೂ ಇದೆ." ಅವರ ದನಿಯಲ್ಲಿ ಬಿಸಿ ಇರಲಿಲ್ಲ. "ನಾನು ಹೆದರಿಸೋಕೆ ಬಂದಿಲ್ಲ. ನಾವು ನೀವು ಎಲ್ಲಾ ಹೀಗೇ ಬದುಕ್ತಿದೀವಿ ಅಂತ ಹೇಳ್ತಿದೀನಿ, ಅಷ್ಟೆ. ಕೋಟು ನಿಧಾನವಾಗಿ ಕೊಡಿ, ಅವಸರ ಇಲ್ಲ."

ಅವರು ಹೋದ ಮೇಲೆ ಅವಳಿಗೆ ಕೈ ಓಡಲಿಲ್ಲ. ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಮರುದಿನ ಕೆಲಸದವರು ಬರುವ ಮುಂಚೆ ಮಹಡಿ ಹತ್ತಿ ನಿಂತಳು. ಮರದ ಮೆಟ್ಟಿಲು ಒಂದೇ. ಅದರ ಬುಡದಲ್ಲೇ ಇಸ್ತ್ರಿ ಮೇಜು. ಹಿಂದಿನ ಬಾಗಿಲಿಗೆ ಅಡ್ಡವಾಗಿ ಲೈನಿಂಗ್ ಬಟ್ಟೆಯ ಕಪಾಟು; ಅದನ್ನು ಅಲ್ಲಿಡಿಸಿದವಳು ತಾನೇ, ಜಾಗ ಉಳಿಯಿತೆಂದು ಸಂತೋಷಪಟ್ಟವಳೂ ತಾನೇ. ಮೇಲೆ ಕೂರುವವರಲ್ಲಿ ಒಬ್ಬಳಿಗೆ ಕಾಲು ಕುಂಟು, ಇನ್ನೊಬ್ಬಳು ತುಂಬಿದ ಬಸುರಿ. ಇಷ್ಟು ಕಾಲ ಇದು ತನ್ನ ಕಣ್ಣಿಗೆ ಹೇಗೆ ಬೀಳಲಿಲ್ಲ ಎಂದು ಅವಳಿಗೆ ಅರ್ಥವಾಗಲಿಲ್ಲ. ಸಾಹುಕಾರರಿಗೂ ಅವರ ಪೈಪು ಹೀಗೆಯೇ ಕಾಣದೆ ಹೋಗಿರಬಹುದು ಎನ್ನಿಸಿತು. ಹಾಗೆನ್ನಿಸಿದ್ದು ಅವಳಿಗೆ ಹಿಡಿಸಲಿಲ್ಲ, ಆದರೂ ಅದು ಮನಸ್ಸಿನಿಂದ ಹೋಗಲಿಲ್ಲ.

ಅವತ್ತೇ ಮಿಷನ್ನುಗಳನ್ನು ಕೆಳಗಿಳಿಸಿದಳು. ಕೆಳಗೆ ಎಲ್ಲರಿಗೂ ಜಾಗ ಸಾಲದು, ಅರ್ಧ ಜನ ಬೆಳಗ್ಗೆ, ಅರ್ಧ ಜನ ಮಧ್ಯಾಹ್ನ ಎಂದಾಯಿತು. ಸಂಪಾದನೆ ಕಡಿಮೆಯಾಯಿತೆಂದು ಇಬ್ಬರು ಬಿಟ್ಟು ಹೋದರು. ಹೋಗುವಾಗ ಮುಖ ಊದಿಸಿಕೊಂಡೇ ಹೋದರು. ಶಾಲೆಯ ಸಮವಸ್ತ್ರದ ದೊಡ್ಡ ಆರ್ಡರ್ ಬೇರೆಯವರ ಪಾಲಾಯಿತು. ಹಿಂದಿನ ಗೋಡೆಗೆ ಕಬ್ಬಿಣದ ಮೆಟ್ಟಿಲು ಕೂರಿಸುವ ತನಕ ಮಹಡಿಗೆ ಬೀಗ.

"ಯಾರೋ ಒಂದು ಮಾತಂದ್ರು ಅಂತ ಅನ್ನದ ದಾರಿ ಮುಚ್ಚಿಕೊಳ್ತಾರಾ?" ಎಂದು ಅಮ್ಮ ಬೆಂಚಿನ ಮೇಲಿಂದ ಕೇಳಿದಳು.

"ಅಂದೋರು ಯಾರಾದ್ರೇನಮ್ಮ, ಅಂದಿದ್ದು ನಿಜ."

ಲೈಸೆನ್ಸ್ ಸಭೆ ಹತ್ತಿರ ಬಂತು. ಸದಸ್ಯರು ಎರಡು ಕಡೆ ಹಂಚಿಹೋಗಿದ್ದರು. ವಿರೋಧ ಪಕ್ಷದವರಿಗೆ ಐಸ್ ಫ್ಯಾಕ್ಟರಿಯ ಮೇಲೆ ದ್ವೇಷವಿರಲಿಲ್ಲ, ಅಧ್ಯಕ್ಷರ ಮೇಲಿತ್ತು. ಅಧ್ಯಕ್ಷರು ಹೌದೆಂದದ್ದಕ್ಕೆಲ್ಲ ಅವರು ಅಲ್ಲ ಎನ್ನುವವರು. ಎಣಿಸಿ ನೋಡಿದರೆ ಗುಂಡಿಯಕ್ಕನ ಕೈ ಯಾವ ಕಡೆ ಎದ್ದರೆ ಆ ಕಡೆ ಗೆಲುವು. ಅವಳು ಬರದಿದ್ದರೆ ಸಮಸಮ, ಆಗ ಅಧ್ಯಕ್ಷರ ಮಾತೇ ಕೊನೆ.

ಅಧ್ಯಕ್ಷರು ಅವಳನ್ನು ತಮ್ಮ ಕೋಣೆಗೆ ಕರೆಸಿ, ಫ್ಯಾನು ಅವಳ ಕಡೆ ತಿರುಗಿಸಿದರು.

"ಅಕ್ಕಾವ್ರೇ, ನಿಮ್ಮ ಮೇಲಿನ ಗಲ್ಲಿಗೆ ಕುಡಿಯೋ ನೀರಿನ ಪೈಪ್ ಕೇಳ್ತಿದ್ರಿ."

"ಗೆದ್ದ ದಿನದಿಂದ ಕೇಳ್ತಿದೀನಿ."

"ಈ ಬಾರಿಯ ಕಾಮಗಾರೀಲಿ ಸೇರಿಸ್ತೀನಿ. ಗುದ್ದಲಿ ಹಾಕೋದು ನಿಮ್ಮ ಕೈಲೇ."

ಅವರು ಮೇಜಿನ ಮೇಲಿದ್ದ ಕಾಗದಗಳನ್ನು ಅಂಚಿಗೆ ಅಂಚು ಸೇರಿಸಿ ಜೋಡಿಸಿದರು.

"ನಮ್ಮ ಕಡೆ ಕೈ ಎತ್ತಿ ಅಂತ ಕೇಳ್ತಿಲ್ಲ. ನಿಮ್ಮ ಮನಸ್ಸಿಗೆ ವಿರುದ್ಧ ನೀವು ನಡೀಬಾರದು. ಸಭೆ ದಿನ ಸ್ವಲ್ಪ ಜ್ವರ ಬಂದ್ರೆ ಸಾಕು."

"ಬರದಿದ್ರೆ?"

"ಬರುತ್ತೆ ಬಿಡಿ. ಈಗ ಎಲ್ಲಾ ಕಡೆ ಜ್ವರಾನೇ" ಎಂದು ಅವರು ನಕ್ಕರು.

ಲಂಚ ಕೊಟ್ಟಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಮುಖದ ಮೇಲೆ ಎಸೆದು ಬರಬಹುದಿತ್ತು. ಇದು ಹಾಗಲ್ಲ. ಮೇಲಿನ ಗಲ್ಲಿಯ ಹೆಂಗಸರು ಕೊಡ ಹೊತ್ತು ಏರು ಹತ್ತುವುದನ್ನು ಅವಳು ದಿನಾ ನೋಡುತ್ತಿದ್ದಳು. ಅದರಲ್ಲೊಬ್ಬಳು ಬೆನ್ನು ಬಗ್ಗಿದ ಮುದುಕಿ, ಅರ್ಧ ಕೊಡವನ್ನೇ ಎರಡು ಕಡೆ ಇಳಿಸಿ ಸುಧಾರಿಸಿಕೊಂಡು ಹೋಗುವವಳು. ಆ ಹೆಂಗಸರ ಓಟಿನಿಂದಲೇ ಇವಳು ಗೆದ್ದದ್ದು. ಅಮೋನಿಯಾ ನಾಳೆ ಸೋರಬಹುದು, ಎಂದೂ ಸೋರದೆಯೂ ಇರಬಹುದು. ನೀರು ಇವತ್ತೇ ಬೇಕಾಗಿತ್ತು.

ಮನೆಯಲ್ಲಿ ಗಂಡನಿಗೆ ಹೇಳಿದಳು. ಅವನು ಚಪಾತಿ ಮುರಿಯುತ್ತ ಕೇಳಿಸಿಕೊಂಡ.

"ನೀವಾಗಿದ್ರೆ ಏನ್ಮಾಡ್ತಿದ್ರಿ?"

"ಬ್ರೇಕ್ ಸರಿ ಇಲ್ಲ ಅಂತ ಗೊತ್ತಿರೋ ಬಸ್ಸಿಗೆ ನಾನು ರೈಟ್ ಅನ್ನಲ್ಲ" ಎಂದ. ಕೊನೆಯ ತುತ್ತು ನುಂಗಿ, "ಆದ್ರೆ ಸ್ಟಾಪಲ್ಲಿ ಕಾಯೋರು ಬೈದೇ ಬೈತಾರೆ" ಎಂದು ಸೇರಿಸಿ ಕೈ ತೊಳೆಯಲು ಎದ್ದ.

ತಮ್ಮ ಮಾತ್ರ ಮಾತಿನ ಉಳಿತಾಯ ಮಾಡಲಿಲ್ಲ. ಸಭೆಯ ಹಿಂದಿನ ದಿನ ಡ್ಯೂಟಿ ಮುಗಿಸಿ ಒದ್ದೆ ಬೂಟಿನಲ್ಲೇ ಅಂಗಡಿಗೆ ಬಂದ.

"ನೀನು ಕೈ ಎತ್ತಿದ್ರೆ ಫ್ಯಾಕ್ಟರಿ ಮುಚ್ಚುತ್ತೆ. ಗೊತ್ತಾ?"

"ರಿಪೇರಿ ಆಗೋ ತನಕ."

"ಆ ರಿಪೇರೀನ ಸಾಹುಕಾರ್ರು ಮಾಡಿಸ್ತಾರೆ ಅಂತ ಯಾರು ಹೇಳಿದ್ದು? ಬಾಗಿಲು ಹಾಕ್ಕೊಂಡು ಹೋದ್ರೆ? ನಮ್ಮ ಹೊಟ್ಟೆ ಮೇಲೆ ಹೊಡೆಯೋಕೆ ನಿನಗೆ ಓಟು ಹಾಕಿದ್ದಾ? ನಾನೇ ಮನೆ ಮನೆ ತಿರುಗಿ ಓಟು ಕೇಳಿದೀನಿ."

"ಅವತ್ತು ಗೋಣಿ ಸುತ್ಕೊಂಡು ಒಳಗೆ ಹೋದವನೂ ನೀನೇ ಕಣೋ. ಮುಂದಿನ ಸಲ ಹೋಗೋನೂ ನೀನೇ."

"ಹೋಗ್ತೀನಿ. ಅದು ನನ್ನ ಕೆಲಸ. ನನ್ನ ಕೆಲಸ ನನಗೆ ಬಿಡು."

ಬೆಂಚಿನ ಮೇಲೆ ಮಲಗಿದ್ದ ಅಮ್ಮ ಕಣ್ಣು ತೆರೆಯಲಿಲ್ಲ, ಆದರೆ ಅವಳಿಗೆ ನಿದ್ದೆ ಬಂದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಸಭೆಯ ದಿನ ಗುಂಡಿಯಕ್ಕ ಎಲ್ಲರಿಗಿಂತ ಮೊದಲೇ ಹೋಗಿ ತನ್ನ ಕುರ್ಚಿಯಲ್ಲಿ ಕೂತಳು. ಅಧ್ಯಕ್ಷರು ಒಳಗೆ ಬಂದವರು ಅವಳನ್ನು ನೋಡಿ ಆರೋಗ್ಯ ವಿಚಾರಿಸಿದರು. ಚೆನ್ನಾಗಿದ್ದೇನೆ ಎಂದಳು. ವಿಷಯ ಬಂದಾಗ ಅಧ್ಯಕ್ಷರ ಕಡೆಯ ಸದಸ್ಯನೊಬ್ಬ ಎದ್ದು, ಈಯಮ್ಮನ ತಮ್ಮ ಅದೇ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾನೆ, ಸಂಬಂಧಿಕರಿರುವ ವಿಷಯದಲ್ಲಿ ಇವರು ಓಟು ಹಾಕುವಂತಿಲ್ಲ ಎಂದ.

ಅವಳು ಎದ್ದು ನಿಂತಳು. ಭಾಷಣ ಬರುತ್ತಿರಲಿಲ್ಲ, ಗಿರಾಕಿಯ ಜೊತೆ ಮಾತಾಡುವ ಹಾಗೆ ಮಾತಾಡಿದಳು.

"ನಿಜ, ನನ್ನ ತಮ್ಮ ಅಲ್ಲೇ ಇದ್ದಾನೆ. ಈ ಫ್ಯಾಕ್ಟರಿ ಮುಚ್ಚಿದ್ರೆ ಅವನ ಕೆಲಸ ಹೋಗುತ್ತೆ. ಅದು ತಿಳಿದೂ ನಾನು ಕಾಲಾವಕಾಶ ಬೇಡ ಅಂತಿದೀನಿ. ಇದನ್ನ ನಡಾವಳೀಲಿ ಬರ್ಕೊಳ್ಳಿ. ಇದರಿಂದ ನನಗೆ ಲಾಭ ಇದೆ ಅಂತ ಯಾರಿಗಾದ್ರೂ ಅನ್ನಿಸಿದ್ರೆ ಈಗ್ಲೇ ಹೇಳಿ, ಕೂತ್ಕೋತೀನಿ."

ಸಭೆಯಲ್ಲಿ ಯಾರೋ ನಕ್ಕರು. ಮುಖ್ಯಾಧಿಕಾರಿ, ಲಾಭವಿದ್ದರೆ ಮಾತ್ರ ನಿಯಮ ಅಡ್ಡ ಬರುತ್ತದೆ ಎಂದರು. ಕೈ ಎತ್ತಿಸಿದರು. ಕಾಲಾವಕಾಶ ಕೊಡುವ ನಿರ್ಣಯ ಅವಳ ಒಂದು ಕೈಯಿಂದ ಬಿತ್ತು. ವಿರೋಧ ಪಕ್ಷದವರು ಮೇಜು ಕುಟ್ಟಿದರು, ಅವಳ ಕಡೆ ತಿರುಗಿ ಕೈ ಮುಗಿದರು. ಅವರ ಖುಷಿ ಅವಳಿಗೆ ಬೇಕಿರಲಿಲ್ಲ. ಆಮೇಲೆ ಮೇಲಿನ ಗಲ್ಲಿಯ ನೀರಿನ ವಿಷಯಕ್ಕೆ ಕೈ ಎತ್ತಿ ಎಂದು ಅವಳು ಅವರನ್ನೇ ಕೇಳಿಕೊಂಡಾಗ ಅವರಿಗೆ ಬೇರೆ ಬೇರೆ ಕೆಲಸಗಳಿದ್ದವು.

ಫ್ಯಾಕ್ಟರಿಗೆ ಬೀಗ ಬಿತ್ತು. ಮೀನಿನವರು ದೂರದಿಂದ ಐಸ್ ತರಿಸಿಕೊಂಡು ದುಬಾರಿಯಾಯಿತೆಂದು ಗೊಣಗಿದರು, ದಾರಿಯಲ್ಲಿ ಅವಳು ಸಿಕ್ಕರೆ ಕೇಳಿಸುವಂತೆಯೇ ಗೊಣಗಿದರು. ತಮ್ಮ ಅವಳ ಜೊತೆ ಮಾತು ಬಿಟ್ಟ. ಲಾರಿ ಓಡಿಸುವ ಕೆಲಸ ಹಿಡಿದು ಊರೂರು ಸುತ್ತಿದ. ಅಮ್ಮ ಬೆಂಚಿಗೆ ಬರುವುದನ್ನು ನಿಲ್ಲಿಸಲಿಲ್ಲ, ಆದರೆ ಬಂದಾಗಲೆಲ್ಲ ಮಗನ ಸುದ್ದಿಯನ್ನು ಗೋಡೆಗೆ ಹೇಳುವ ಹಾಗೆ ಹೇಳುತ್ತಿದ್ದಳು. "ನಿನ್ನೆ ಬಂದಿದ್ದ. ಸೊರಗಿದ್ದಾನೆ." ಗುಂಡಿಯಕ್ಕ ಮಿಷನ್ ತುಳಿಯುತ್ತಲೇ ಇರುತ್ತಿದ್ದಳು, ಒಂದೊಂದು ಸಲ ಸೂಜಿಯ ಕೆಳಗೆ ಬಟ್ಟೆ ಇರುತ್ತಿರಲಿಲ್ಲ.

ಸಾಹುಕಾರರು ಬಹಳ ಲೆಕ್ಕಾಚಾರ ಹಾಕಿ, ಕೊನೆಗೆ ಊರಾಚೆ ಜಾಗ ಕೊಂಡು ಹೊಸ ಫ್ಯಾಕ್ಟರಿ ಕಟ್ಟಿಸಲು ನಿಂತರು. ಹಳೆಯದನ್ನು ಬಿಚ್ಚುವಾಗ ಅವಳು ನೋಡಲು ಹೋದಳು. ಕುಯ್ದ ಪೈಪಿನ ತುಂಡುಗಳನ್ನು ಅಂಗಳದಲ್ಲಿ ರಾಶಿ ಹಾಕಿದ್ದರು. ಕೆಲವು ಬಗ್ಗಿದ ಕಡೆಯೆಲ್ಲ ಹಪ್ಪಳದ ಹಾಗೆ ತೆಳುವಾಗಿದ್ದವು; ಬೆರಳಲ್ಲಿ ಒತ್ತಿದರೆ ಪುಡಿ ಉದುರಿತು. ಇನ್ನು ಕೆಲವು ಹೊಸದರಂತೆ ಗಟ್ಟಿ. ಸಾಹುಕಾರರು ಗಟ್ಟಿ ತುಂಡೊಂದನ್ನು ಎತ್ತಿ, "ಇದು ಇನ್ನೂ ನನ್ನ ಆಯಸ್ಸಿರೋ ತನಕ ಬಾಳ್ತಿತ್ತು ತಾಯಿ" ಎಂದರು. ಅವಳು ತೆಳು ತುಂಡೊಂದನ್ನು ತೋರಿಸಿದಳು. ಅವರು ಅದನ್ನು ನೋಡಿ, "ಇದಕ್ಕೆ ಒಂದು ಪಟ್ಟಿ ಹೊಡೆದಿದ್ರೆ ಆಗ್ತಿತ್ತು" ಎಂದರು. ಇಬ್ಬರೂ ತಮ್ಮ ತಮ್ಮ ತುಂಡನ್ನು ಕೆಳಗಿಟ್ಟು ಬಂದರು. ಆ ಪೈಪು ಒಡೆಯುತ್ತಿತ್ತೋ ಇಲ್ಲವೋ, ಒಡೆದರೆ ಯಾರ ಮನೆಯವರು ಮಲಗಿರುತ್ತಿದ್ದರೋ, ಹೇಳಲು ಯಾರಿಂದಲೂ ಆಗುವಂತಿರಲಿಲ್ಲ. ಅನಾಹುತವಾಗಿದ್ದರೆ ಊರಿಗೆಲ್ಲ ಕಾಣುತ್ತಿತ್ತು. ಆಗದೇ ಹೋದದ್ದನ್ನು ಯಾರಿಗೆಂದು ತೋರಿಸುವುದು?

ಮುಂದಿನ ಚುನಾವಣೆಯಲ್ಲಿ ಅವಳು ಸೋತಳು. ಮೇಲಿನ ಗಲ್ಲಿಯವರು ಕೈ ಬಿಟ್ಟಿದ್ದರು. ಹೊಸ ಸದಸ್ಯ ಅಧ್ಯಕ್ಷರ ಪಕ್ಷದವನೇ. ಸ್ವಲ್ಪ ಕಾಲಕ್ಕೆಲ್ಲ ಗಲ್ಲಿಗೆ ನೀರಿನ ಪೈಪು ಬಂತು. ನಲ್ಲಿ ಬಿಟ್ಟ ದಿನ ಅವಳೂ ಹೋಗಿ ಒಂದು ಕಡೆ ನಿಂತಳು. ಬೆನ್ನು ಬಗ್ಗಿದ ಮುದುಕಿ ಕೊಡ ತುಂಬಿಸಿಕೊಂಡು ಅವಳ ಹತ್ತಿರ ಬಂದಳು.

"ನೀನಿದ್ದಾಗಲೇ ಬರ್ಬೇಕಿತ್ತಮ್ಮ ಈ ನೀರು."

"ಬರೋದಿತ್ತು ಅಜ್ಜಿ. ನನ್ನಿಂದಾನೇ ತಡ ಆಯ್ತು."

ಮುದುಕಿಗೆ ಸಿಟ್ಟು ಬಂದಿತೋ ಇಲ್ಲವೋ, ತಿಳಿಯಲಿಲ್ಲ. "ಆ ಗ್ಯಾಸ್ ನಮ್ಮ ಮೇಲಿನ ಗಲ್ಲಿ ತನಕ ಬರ್ತಿತ್ತಾ?" ಎಂದು ಕೇಳಿದಳು.

"ಗಾಳಿ ಈ ಕಡೆ ಇದ್ದಿದ್ರೆ ಬರ್ತಿತ್ತೇನೋ. ಗೊತ್ತಿಲ್ಲ."

"ಹೂಂ" ಎಂದು ಮುದುಕಿ ಕೊಡವನ್ನು ಸೊಂಟಕ್ಕೇರಿಸಿದಳು. ಗುಂಡಿಯಕ್ಕ ಬಾಗಿಲ ತನಕ ಹೊತ್ತು ತರುತ್ತೇನೆಂದು ಕೈ ಚಾಚಿದರೆ, ಈಗ ನಾಲ್ಕು ಹೆಜ್ಜೆ, ಬೇಡ ಬಿಡು ಎಂದು ನಡೆದುಬಿಟ್ಟಳು. ಗುಂಡಿಯಕ್ಕ ಬರಿಗೈಯಲ್ಲಿ ಮನೆಗೆ ಬಂದಳು. ತಾನು ಮಾಡಿದ್ದು ತಪ್ಪೆಂದು ಅವಳಿಗೆ ಅನ್ನಿಸಿರಲಿಲ್ಲ. ಆದರೆ ಸರಿಯಾದದ್ದನ್ನು ಮಾಡಿದರೆ ಮನಸ್ಸು ಹಗುರವಾಗುತ್ತದೆ ಎಂದುಕೊಂಡಿದ್ದಳಲ್ಲ, ಅದಾಗಲಿಲ್ಲ. ಅಷ್ಟು ವರ್ಷದ ಕೊಡಗಳ ಭಾರ ಅವಳ ಮೇಲೆ ಇದ್ದೇ ಇತ್ತು.

ಹೊಸ ಫ್ಯಾಕ್ಟರಿ ಶುರುವಾದಾಗ ಸಾಹುಕಾರರು ಹಳೆಯ ಆಪರೇಟರನ್ನೇ ಹುಡುಕಿ ಕರೆಸಿಕೊಂಡರು. ತಮ್ಮ ಮತ್ತೆ ಊರಿಗೆ ಬಂದ. ಅಕ್ಕನ ಅಂಗಡಿಯ ಮುಂದೆ ಸೈಕಲ್ ಮೇಲೆ ಹಾದು ಹೋಗುತ್ತಿದ್ದ, ಒಳಗೆ ಬರುತ್ತಿರಲಿಲ್ಲ. ಹೀಗೆ ಕೆಲವು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಕಾರ್ಖಾನೆಯ ಅಂಗಿಯನ್ನು ತಂದು ಮೇಜಿನ ಮೇಲೆ ಹಾಕಿದ. ತೋಳು ಉದ್ದವಾಯಿತು, ಮೋಟು ಮಾಡಬೇಕು ಎಂದ. ಹೇಳಿದ್ದು ಅಕ್ಕನಿಗೆ, ನೋಡಿದ್ದು ಅಮ್ಮನ ಕಡೆ. ಅಮ್ಮ ಬೆಂಚಿನ ಮೇಲೆ ಸರಿದು ಜಾಗ ಮಾಡಿದಳು.

ಅವಳು ಅವನ ಕೈ ಎತ್ತಿಸಿ ಅಳತೆ ತೆಗೆದಳು. ಕೈ ಒರಟಾಗಿತ್ತು, ಲಾರಿಯ ಸ್ಟೀರಿಂಗಿನ ಗುರುತು ಇನ್ನೂ ಹೋಗಿರಲಿಲ್ಲ.

"ಅಲ್ಲಿ ಹೇಗಿದೆ?" ಎಂದು ಕೇಳಿದಳು.

"ಹೇಗಿರುತ್ತೆ. ಆಗಾಗ ಸುಮ್ಸುಮ್ನೆ ಗಂಟೆ ಬಾರಿಸ್ತಾರೆ. ಎಲ್ಲರೂ ಮೂತಿಗೆ ಮುಖವಾಡ ಹಾಕ್ಕೊಂಡು ಗೇಟಿಗೆ ಓಡ್ಬೇಕು. ಸಾಹುಕಾರ್ರೂ ಓಡ್ತಾರೆ. ಅವರ ಹೊಟ್ಟೆ ಕುಣಿಯೋದು ನೋಡ್ಬೇಕು ನೀನು."

ಅಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. ಗುಂಡಿಯಕ್ಕನಿಗೂ ನಗು ಬಂತು. ತಮ್ಮ ನಗಲಿಲ್ಲ. ಟೇಪನ್ನು ಬೆರಳಿಗೆ ಸುತ್ತುತ್ತ ಕೂತಿದ್ದವನು, "ಒಂದು ಕೇಳ್ಲಾ? ಅವತ್ತು ಬಿಚ್ಚಿದಾಗ ಪೈಪೆಲ್ಲಾ ಗಟ್ಟಿಯಾಗೇ ಇದ್ದಿದ್ರೆ ಏನ್ಮಾಡ್ತಿದ್ದೆ?" ಎಂದ.

ಅವಳು ಕತ್ತರಿ ಕೆಳಗಿಟ್ಟಳು. ಈ ಪ್ರಶ್ನೆಯನ್ನು ತನಗೆ ತಾನೇ ಬೇಕಾದಷ್ಟು ಸಲ ಕೇಳಿಕೊಂಡಿದ್ದಳು.

"ನಿನ್ನ ಮುಂದೆ ತಲೆ ತಗ್ಗಿಸಿ ನಿಲ್ತಿದ್ದೆ" ಎಂದಳು. "ಆದ್ರೂ ಕೈ ಎತ್ತೋ ದಿನ ಯಾರಿಗೂ ಪೈಪಿನ ಒಳಗಿಂದು ಕಾಣ್ತಿರಲಿಲ್ಲವಲ್ಲೋ. ಕಾಣದೆ ಇರೋವಾಗ ಫ್ಯಾಕ್ಟರಿ ಒಳಗೆ ನೀನಿದ್ದೆ. ಮತ್ತೆ ಕೇಳಿದ್ರೂ ಅದನ್ನೇ ಮಾಡ್ತೀನಿ."

ಅವನು ಬೆರಳಿಗೆ ಸುತ್ತಿದ್ದ ಟೇಪು ಬಿಚ್ಚಿ ಮೇಜಿನ ಮೇಲಿಟ್ಟ.

"ಊಟ ಆಗಿಲ್ಲ ನಂದು" ಎಂದ.

ಅವಳು ಅಂಗಿಯನ್ನು ಪಕ್ಕಕ್ಕಿಟ್ಟು, ಗಂಡನಿಗೆಂದು ಎತ್ತಿಟ್ಟಿದ್ದ ಡಬ್ಬಿಯನ್ನು ತೆರೆದು ಅವನ ಮುಂದೆ ಇಟ್ಟಳು.